ಜಯಸಿಂಹರ ಕೈ ಹೋದ ದಾರಿ

ಜಯಸಿಂಹ ಎಂಬ ಹೆಸರಿನಲ್ಲಿ ಜಯವೂ ಇದೆ, ಸಿಂಹವೂ ಇದೆ. ಎರಡರಲ್ಲಿ ಒಂದಾದರೂ ಫಲಿಸಲಿ ಎಂದು ಸೋದರತ್ತೆ ತೊಟ್ಟಿಲ ಬಳಿ ಕಿವಿಯಲ್ಲಿ ಉಸುರಿದ ಹೆಸರು ಅದು. ಕೊನೆಗೆ ಫಲಿಸಿದ್ದು ಮಾತ್ರ ಬೇರೆ. ಜಾಲಹಳ್ಳಿಯ ಕಡೆ ಅಳತೆ ಉಪಕರಣ ತಯಾರಿಸುವ ಸರ್ಕಾರಿ ಕಾರ್ಖಾನೆಯೊಂದರ ಸ್ಟೋರ್ಸ್ ಕಿಟಕಿಯ ಹಿಂದೆ ಮೂವತ್ತಾರು ವರ್ಷ ಕೂತು, ಕೇಳಿದವರಿಗೆ ಕೇಳಿದ್ದನ್ನು ಬಿಟ್ಟು ಅದರ ಪಕ್ಕದ್ದನ್ನು ತೆಗೆದುಕೊಡುವ ಯೋಗ ಅವರ ಹಣೆಯಲ್ಲಿತ್ತು. ಅರ್ಧ ಇಂಚಿನ ಬೋಲ್ಟು ಕೇಳಿದವನಿಗೆ ಮುಕ್ಕಾಲು ಇಂಚಿನದು, ಕೈಗವಸು ಕೇಳಿದವನಿಗೆ ಕಾಲುಚೀಲ. ನಿವೃತ್ತರಾದ ಮೇಲೂ ಯೋಗ ಬಿಡಲಿಲ್ಲ. ಒಮ್ಮೆ ಎರಡು ದಿನ ಹೆಂಡತಿಯ ಕನ್ನಡಕ ಹಾಕಿಕೊಂಡು ಓಡಾಡಿ, "ಈಚೆಗೆ ಪೇಪರ್‌ನೋರು ಅಕ್ಷರ ಚೆನ್ನಾಗಿ ಅಚ್ಚು ಹಾಕ್ತಿದಾರೆ ಕಣೇ" ಎಂದು ಮೆಚ್ಚಿಕೊಂಡಿದ್ದರು. ಆ ಎರಡು ದಿನ ಸೀತಮ್ಮ ಮಾಡಿದ ಅನ್ನದಲ್ಲಿ ಕಲ್ಲು ಸಿಕ್ಕಿದ್ದೇಕೆಂದು ಇಬ್ಬರಿಗೂ ಬಹಳ ದಿನ ಗೊತ್ತಾಗಲಿಲ್ಲ.

ಇಂಥವರ ಬಾಳಿನಲ್ಲಿ ಒಂದು ಬುಧವಾರ ಬೆಳಿಗ್ಗೆ ವಾಟ್ಸಾಪಿನ 'ಸೈರನ್ ಬಳಗ' ಟಿಣ್ ಎಂದಿತು. ಅದು ಕಾರ್ಖಾನೆಯ ಹಳಬರ ಗುಂಪು. ಗುಂಪಿನ ಯಜಮಾನ ವಿನಾಯಕ್, ಒಂದು ಕಾಲದ ಕ್ರೀಡಾ ಕಾರ್ಯದರ್ಶಿ, ಜೊತೆಗೆ ಯೂನಿಯನ್ನಿನ ಜಂಟಿ ಕಾರ್ಯದರ್ಶಿ. ಹಾಗಾಗಿ ಹುಟ್ಟುಹಬ್ಬದ ಹಾರೈಕೆಯನ್ನೂ ಬೇಡಿಕೆ ಪತ್ರದ ಧಾಟಿಯಲ್ಲೇ ಬರೆಯುವ ಮನುಷ್ಯ. ಅಂದು ಅವರು ಹಳೆಯ ಆಟದ ಮೈದಾನದ ಫೋಟೋ ಹಾಕಿ ಕೇಳಿದ್ದರು: "ಸಂಗಾತಿಗಳೇ, ಸಾವಿರದ ಒಂಬೈನೂರ ಎಂಬತ್ತಾರರಲ್ಲಿ ಕ್ಯಾಂಟೀನಿನ ಸೂರಿನ ಮೇಲೆ ಹೋದ ಆ ಬೇಸ್‌ಬಾಲ್ ಯಾರಿಗಾದರೂ ನೆನಪಿದೆಯೇ?"

ಜಯಸಿಂಹರ ಮೈ ಜುಮ್ಮೆಂದಿತು. ನೆನಪಿಲ್ಲದೆ ಏನು! ಅವರು ಆತುರದಲ್ಲಿ ಹೆಬ್ಬೆರಳಿನಿಂದ ಒತ್ತಿದರು: "ಆ ಚೆಂಡು ಎತ್ತಿದ್ದು ನಾನೇ."

ಇಲ್ಲಿ ಸ್ವಲ್ಪ ಹಿಂದಿನ ಕಥೆ ಹೇಳಬೇಕು. ಆ ವರ್ಷ ಹೊಸ ಯಂತ್ರ ಕೂರಿಸಲು ಜಪಾನಿನಿಂದ ಮೊರಿತಾ ಎಂಬ ಎಂಜಿನಿಯರು ಆರು ತಿಂಗಳ ಮಟ್ಟಿಗೆ ಬಂದಿದ್ದರು. ಕಾರ್ಖಾನೆಯ ಜನ ಮೂರನೆಯ ದಿನಕ್ಕೆ ಅವರನ್ನು 'ಮೂರ್ತಿ ಸಾರ್' ಮಾಡಿಕೊಂಡರು. ಮೂರ್ತಿ ಸಾರ್‌ಗೆ ಸಂಜೆಯಾದರೆ ಬೇಸ್‌ಬಾಲ್ ಆಡದೆ ಊಟ ಸೇರುತ್ತಿರಲಿಲ್ಲ. ತಾವೇ ತಂದಿದ್ದ ಎರಡು ಬ್ಯಾಟು, ಒಂದೇ ಒಂದು ಚೆಂಡು ಹಿಡಿದು ಮೈದಾನಕ್ಕಿಳಿದರು. ಆಟೋದವರಿಂದ, ಕ್ಯಾಂಟೀನಿನಿಂದ ಕಲಿತ ಕನ್ನಡ ಅವರದು. 'ಬಾ', 'ಹೋಗು', 'ಬೇಡ', 'ಸಾಕು' ಬಿಟ್ಟರೆ ಹೆಚ್ಚಿಲ್ಲ. ಅಷ್ಟರಲ್ಲೇ ಅವರು ಬ್ಯಾಟು ಬೀಸುವಾಗ ಕೈ ಹೋಗಬೇಕಾದ ದಾರಿಯನ್ನು ಕಲಿಸಿದರು. ಎರಡೂ ಕೈ ಎದೆಗೆ ಅಂಟಿದಂತೆ ಬರಬೇಕು, ಬ್ಯಾಟಿನ ಹಿಡಿಯ ತುದಿ ಚೆಂಡಿನ ಕಡೆಗೇ ಹೊರಡಬೇಕು, ತೋಳು ಚಾಚುವುದು ಚೆಂಡು ತಗಲುವ ಕಡೇ ಗಳಿಗೆಯಲ್ಲಿ ಮಾತ್ರ. ಇಷ್ಟನ್ನು ಅವರು ಹೇಳುತ್ತಿದ್ದದ್ದು ಹೀಗೆ: "ಕೈ ಹತ್ತಿರ ಬಾ! ದೂರ ಹೋಗು ಬೇಡ!"

ಟೂಲ್ ರೂಮಿನ ದೇವರಾಜ್‌ಗೆ ಅದು ಒಂದೇ ವಾರದಲ್ಲಿ ಒಲಿಯಿತು. ಜಯಸಿಂಹರ ಕೈ ಮಾತ್ರ ಪ್ರತಿ ಸಲವೂ ದೂರ ಸುತ್ತಿಕೊಂಡು, ಮೂಲೆಯ ಜೇಡರ ಬಲೆ ತೆಗೆದಂತೆ ಹೋಗಿ ಬರುತ್ತಿತ್ತು. ಕೈ ಬರುವಷ್ಟರಲ್ಲಿ ಚೆಂಡು ಹೋಗಿರುತ್ತಿತ್ತು. ಕೊನೆಗೆ ಅವರನ್ನು ಬ್ಯಾಟುಗಾರನ ಹಿಂದೆ ಕುಕ್ಕುರುಗಾಲಲ್ಲಿ ಕೂರಿಸಿ ಚೆಂಡು ಹಿಡಿಯುವ ಕೆಲಸ ಕೊಟ್ಟರು. ಟೂಲ್ ರೂಮಿಗೂ ಸ್ಟೋರ್ಸಿಗೂ ಪಂದ್ಯ ನಡೆದ ದಿನ ದೇವರಾಜ್ ಹೊಡೆದ ಚೆಂಡು ಆಕಾಶಕ್ಕೇರಿ, ಇನ್ನೂರು ಮಂದಿಯ ತಲೆಯ ಮೇಲೆ ಹಾದು ಕ್ಯಾಂಟೀನಿನ ಸೂರಿನ ಮೇಲೆ ಬಿತ್ತು. ಇದ್ದದ್ದು ಒಂದೇ ಚೆಂಡು. ಏಣಿ ಹಾಕಿಕೊಂಡು ಹತ್ತಿ ಅದನ್ನು ಎತ್ತಿಕೊಂಡು ಬಂದವರು ಜಯಸಿಂಹ.

ಅಂದರೆ ಅವರು ಬರೆದದ್ದು ಸತ್ಯವೇ. ಆದರೆ ಕನ್ನಡದಲ್ಲಿ ಬಿದ್ದ ಚೆಂಡನ್ನೂ ಎತ್ತುತ್ತಾರೆ, ಬಂದ ಚೆಂಡನ್ನು ಬ್ಯಾಟಿನಿಂದಲೂ ಎತ್ತುತ್ತಾರೆ. ಸೈರನ್ ಬಳಗದ ತೊಂಬತ್ತು ಮಂದಿಯೂ ಎರಡನೆಯ ಅರ್ಥವನ್ನೇ ಹಿಡಿದುಕೊಂಡರು. ಮೂವತ್ತೆಂಟು ವರ್ಷದಲ್ಲಿ ಅವರವರ ನೆನಪುಗಳೂ ಸ್ಟೋರ್ಸಿನ ಸಾಮಾನಿನಂತೆ ಪಕ್ಕದ ಖಾನೆಗೆ ಸರಿದಿದ್ದವು.

"ಅರೇ, ನೀವೇನಾ ಸಾರ್ ಅದು!" "ನಮ್ಮ ಹುಲಿ!" "ಹುಲಿಯಲ್ಲ, ಸಿಂಹ!" ಕೈಮುಗಿದ ಚಿತ್ರ, ಚಪ್ಪಾಳೆಯ ಚಿತ್ರ, ಗುಲಾಬಿಯ ಚಿತ್ರ. ಜಯಸಿಂಹರು ತಿದ್ದಲು ಹೊರಟರು. 'ಹಾಗಲ್ಲ' ಎಂದು ಬರೆದೂ ಬರೆದರು. ಅಷ್ಟರಲ್ಲಿ ಮೂವತ್ತು ವರ್ಷ ತಮ್ಮನ್ನು ಮಾತಾಡಿಸದೆ ತಿರುಗಿದ್ದ ಮಾಜಿ ಡೆಪ್ಯುಟಿ ಮ್ಯಾನೇಜರೊಬ್ಬರು "ಪ್ರೌಡ್ ಆಫ್ ಯೂ ಜಯಸಿಂಹ" ಎಂದು ಹಾಕಿಬಿಟ್ಟರು. ಜಯಸಿಂಹರು 'ಹಾಗಲ್ಲ' ಎಂಬುದನ್ನು ಅಳಿಸಿ, ಒಂದು ಕೈಮುಗಿದ ಚಿತ್ರ ಒತ್ತಿ, ಕಾಫಿ ಕುಡಿಯಲು ಹೋದರು. ಮನುಷ್ಯ ಕೆಡುವುದು ಇಷ್ಟೇ ಹೊತ್ತಿನಲ್ಲಿ.

ಮಧ್ಯಾಹ್ನಕ್ಕೆ ವಿನಾಯಕ್ ಫೋನು ಮಾಡಿದರು. "ಸಾರ್, ನಮ್ಮ ಗ್ರೌಂಡು ಬೇರೆಯೋರ ಪಾಲಾಗೋ ಮುಂಚೆ ಒಂದು ಕೊನೇ ಪಂದ್ಯ ಅಂತ ಕಾರ್ಯಕಾರಿ ಸಮಿತಿ ತೀರ್ಮಾನ ಮಾಡಿದೆ. ಸಮಿತಿ ಅಂದ್ರೆ ನಾನೇ. ಬೊಮ್ಮಸಂದ್ರದ ಒಂದು ಜಪಾನಿ ಕಂಪನಿ ಟೀಮು ಆಡೋಕೆ ಒಪ್ಕೊಂಡಿದೆ. ಮೊದಲ ಬ್ಯಾಟು ನಿಮ್ದು. ಇನ್ನೂ ಹದಿನೆಂಟು ದಿನ ಇದೆ."

"ನಂದಾ? ವಿನಾಯಕ್, ನನಗೆ ಅರವತ್ಮೂರು ಕಣ್ರೀ."

"ಅರವತ್ಮೂರಲ್ಲಿ ಹೊಡೆದ್ರೆ ತಾನೇ ಸಾರ್ ಇತಿಹಾಸ!"

ಹೀಗೆ ಇತಿಹಾಸವು ಜಯಸಿಂಹರ ಮನೆ ಬಾಗಿಲು ತಟ್ಟಿತು. ಅವರು ಅಟ್ಟದಿಂದ ಅತ್ತೆಯ ಕಾಲದ ಒನಕೆ ಇಳಿಸಿಕೊಂಡರು.

ಮೂರ್ತಿ ಸಾರ್ ಹೇಳಿಕೊಟ್ಟಿದ್ದ ಅಭ್ಯಾಸವೊಂದು ಅವರಿಗೆ ನೆನಪಿತ್ತು. ಗೋಡೆಗೆ ಎದುರಾಗಿ, ಒಂದು ಬ್ಯಾಟಿನಷ್ಟು ದೂರದಲ್ಲಿ ನಿಲ್ಲಬೇಕು, ನಿಂತು ಬೀಸಬೇಕು. ಕೈ ಎದೆಯ ಹತ್ತಿರದ ದಾರಿ ಹಿಡಿದರೆ ಬ್ಯಾಟು ಗೋಡೆಗೆ ಸೋಕದೆ ಹಾದುಹೋಗುತ್ತದೆ. ದೂರದ ದಾರಿ ಹಿಡಿದರೆ ಗೋಡೆಯೇ ಹೇಳುತ್ತದೆ.

ಕಾರ್ಖಾನೆ ನೌಕರರ ಗೃಹನಿರ್ಮಾಣ ಸಂಘದ ಆ ಬಡಾವಣೆಯಲ್ಲಿ ಇಪ್ಪತ್ತು ಮೂವತ್ತರ ನಿವೇಶನಗಳು. ಒಬ್ಬರ ಹಾಲಿನ ಗೋಡೆಗೆ ಇನ್ನೊಬ್ಬರ ದೇವರಮನೆ ಒರಗಿ ನಿಂತಿರುತ್ತದೆ. ಜಯಸಿಂಹರ ಹಾಲಿನಾಚೆ ಇದ್ದದ್ದು ನಿವೃತ್ತ ನರ್ಸಿಂಗ್ ಸೂಪರಿಂಟೆಂಡೆಂಟ್ ವನಜಾ ಅವರ ದೇವರಮನೆ. ಗುರುವಾರ ಬೆಳಿಗ್ಗೆ ಆರಕ್ಕೆ ವನಜಾ ದೀಪ ಹಚ್ಚಿ ಕಣ್ಣು ಮುಚ್ಚಿದರು. ಗೋಡೆಯಾಚೆಯಿಂದ ಜಯಸಿಂಹರ ಧ್ವನಿ ಕೇಳಿಸಿತು:

"ಬಾ, ಹತ್ತಿರ ಬಾ!"

ಢಬ್! ವೆಂಕಟರಮಣನ ಪಟ ಒಂದು ಸಲ ಅದುರಿತು.

"ದೂರ ಹೋಗ್ತೀಯಾ? ಎಷ್ಟು ಸಲ ಹೇಳ್ಬೇಕು ನಿಂಗೆ? ಹತ್ತಿರ ಬಾ ಅಂದ್ರೆ!"

ಢಬ್!

"ಅಯ್ಯೋ, ಸಾಕು ನಿಲ್ಸ್ರೀ!" ಇದು ಸೀತಮ್ಮನ ಧ್ವನಿ. "ಈ ವಯಸ್ಸಲ್ಲಿ ಯಾಕೆ ಹೀಗಾಡ್ತೀರಿ?"

"ಸುಮ್ನಿರು ನೀನು. ಮೂವತ್ತೆಂಟು ವರ್ಷದಿಂದ ಇದು ಬುದ್ಧಿ ಕಲೀಲಿಲ್ಲ. ಹದಿನೆಂಟು ದಿನದಲ್ಲಿ ಕಲಿಸ್ತೀನಿ!"

ಢಬ್!

ಜಯಸಿಂಹರು ಬೈಯುತ್ತಿದ್ದದ್ದು ತಮ್ಮ ಎಡಗೈಯನ್ನು. ಅದು ವನಜಾ ಅವರಿಗೆ ಹೇಗೆ ಗೊತ್ತಾಗಬೇಕು? ಅವರು ಮಂಗಳಾರತಿ ಅರ್ಧಕ್ಕೆ ಬಿಟ್ಟು ಎದ್ದರು. ಮೂರು ದಿನ ಕಾದು ನೋಡಿದರು. ಮೂರನೆಯ ದಿನ ಸೀತಮ್ಮ ಹಣೆಗೆ ಬ್ಯಾಂಡೇಜು ಹಾಕಿಕೊಂಡು ಹಾಲು ತರಲು ಹೊರಟಾಗ (ಒನಕೆಗೆ ಹೆದರಿ ಥಟ್ಟನೆ ಪಕ್ಕಕ್ಕೆ ತಿರುಗಿ ಷೋಕೇಸಿನ ಬಾಗಿಲಿಗೆ ಬಡಿದುಕೊಂಡ ಗಾಯ ಅದು) ವನಜಾ ಗೇಟಿನಲ್ಲಿ ತಡೆದು ನಿಲ್ಲಿಸಿದರು.

"ಸೀತಾ, ಏನಮ್ಮಾ ಇದು?"

"ಏನಿಲ್ಲ ಬಿಡಿ ವನಜಾ, ಇವರ ಹುಚ್ಚು. ಇನ್ನು ಹದಿನೈದು ದಿನ, ಆಮೇಲೆ ನಿಲ್ಲಿಸ್ತಾರಂತೆ."

"ಹದಿನೈದು ದಿನ!" ಎಂದು ವನಜಾ ಎದೆಯ ಮೇಲೆ ಕೈ ಇಟ್ಟುಕೊಂಡರು.

ಮೂವತ್ತು ವರ್ಷ ಆಸ್ಪತ್ರೆಯಲ್ಲಿ 'ಮೆಟ್ಟಿಲು ಜಾರಿ ಬಿದ್ದೆ' ಎನ್ನುವ ಹೆಂಗಸರನ್ನು ಕಂಡವರು ಅವರು. ಸುಮ್ಮನಿರುವ ಜಾತಿಯಲ್ಲ. ಮೊದಲು ಸೀತಮ್ಮನ ತಮ್ಮ ಶ್ರೀಕಾಂತನಿಗೆ ಫೋನು ಮಾಡಿದರು, ಆಮೇಲೆ ಪೊಲೀಸರಿಗೆ.

ಮರುದಿನ ಬೆಳಿಗ್ಗೆ ಎಂಟಕ್ಕೆ ಜಯಸಿಂಹರು ಬನಿಯನ್ನಿನಲ್ಲಿ, ಬೆವರು ಸುರಿಸುತ್ತ, ಒನಕೆ ಹೆಗಲಿಗೇರಿಸಿ ನಿಂತಿದ್ದಾಗ ಬಾಗಿಲು ತೆರೆಯಿತು. ಮುಂದೆ ಒಬ್ಬ ಮಹಿಳಾ ಎಎಸ್‌ಐ, ಹಿಂದೆ ವನಜಾ. ಅವರ ಹಿಂದೆ ಎಲೆಕ್ಟ್ರಾನಿಕ್ ಸಿಟಿಯಿಂದ ಬಸ್ಸು, ಮೆಟ್ರೋ ಹತ್ತಿಳಿದು ಬಂದ ಶ್ರೀಕಾಂತ, ಕೈಯಲ್ಲಿ ಅಕ್ಕನ ಸೀರೆ ತುಂಬಿಕೊಂಡು ಹೋಗಲು ಖಾಲಿ ಸೂಟ್‌ಕೇಸು.

"ಅದನ್ನ ಕೆಳಗಿಡಿ," ಎಂದರು ಎಎಸ್‌ಐ.

"ಮೇಡಂ, ಇನ್ನೂ ಹತ್ತು ಬಾಕಿ ಇದೆ," ಎಂದರು ಜಯಸಿಂಹ.

ಕಾನೂನಿನ ದೃಷ್ಟಿಯಿಂದ ಇದಕ್ಕಿಂತ ಕೆಟ್ಟ ಉತ್ತರ ಇರಲಾರದು. ಶ್ರೀಕಾಂತ ಸೂಟ್‌ಕೇಸು ಎಸೆದು ಮುನ್ನುಗ್ಗಿದ. "ಭಾವಾ! ನಮ್ಮಕ್ಕನ್ನ ನಾವು ಬೀದೀಲಿ ಬಿಟ್ಟಿಲ್ಲ! ಇಪ್ಪತ್ತು ವರ್ಷದಿಂದ ನಿಮ್ಮನ್ನ ಪೆದ್ದರು ಅಂದ್ಕೊಂಡಿದ್ದೆ, ಕ್ರೂರಿ ಅಂತ ಗೊತ್ತಿರ್ಲಿಲ್ಲ!"

"ಪೆದ್ದ ಅಂದ್ಕೊಂಡಿದ್ದೆಯಾ?" ಎಂದು ಜಯಸಿಂಹರು ನೊಂದು ಕೇಳಿದರು. ಅವರಿಗೆ ಅರ್ಥವಾಗಿದ್ದು ಅಷ್ಟೇ.

ಎಎಸ್‌ಐ ಇಬ್ಬರನ್ನೂ ಸುಮ್ಮನಿರಿಸಿ, ಸೀತಮ್ಮನನ್ನು ಅಡುಗೆಮನೆಗೆ ಕರೆದೊಯ್ದು ಬಾಗಿಲು ಹಾಕಿಕೊಂಡರು. ಹೆದರಬೇಡಿ, ಇದ್ದದ್ದು ಇದ್ದ ಹಾಗೆ ಹೇಳಿ, ನಿಮ್ಮ ಯಜಮಾನ್ರು ಹೊಡೀತಾರಾ ಎಂದು ಮೆಲ್ಲಗೆ ಕೇಳಿದರು. ಹೊರಗಿದ್ದವರಿಗೆ ಸೀತಮ್ಮನ ಉತ್ತರ ಸ್ಪಷ್ಟವಾಗಿ ಕೇಳಿಸಿತು:

"ಹೊಡೆಯೋದಾ? ಇವ್ರಾ? ಮೇಡಂ, ಇವರು ಆಡೋಕೆ ಶುರು ಮಾಡಿದಾಗಿಂದ ಒಂದು ಚೆಂಡಿಗೂ ಇವರ ಏಟು ತಗುಲಿಲ್ಲ! ನಾನು ಚೆಂಡಿಗಿಂತ ದೊಡ್ಡೋಳು ಅನ್ನೋದು ನಿಜ, ಆದ್ರೂ ತಗುಲಲ್ಲ ಬಿಡಿ!"

ಐದು ನಿಮಿಷದ ಮೇಲೆ ಎಎಸ್‌ಐ ಬಾಯಿಗೆ ಕರ್ಚೀಫು ಒತ್ತಿಕೊಂಡು ಹೊರಬಂದರು. ಗೋಡೆಯ ಗಾರೆ ಉದುರಿದ್ದನ್ನು ನೋಡಿದರು. ವನಜಾ ಅವರಿಗೆ, "ನೀವು ಫೋನ್ ಮಾಡಿದ್ದು ಸರಿನೇ ಅಮ್ಮಾ, ಯಾವಾಗ್ಲೂ ಮಾಡಿ" ಎಂದರು. ಜಯಸಿಂಹರಿಗೆ, "ಸಾರ್, ಬೀಸೋದಿದ್ರೆ ಬಯಲಲ್ಲಿ ಬೀಸಿ" ಎಂದರು. ಶ್ರೀಕಾಂತ ಖಾಲಿ ಸೂಟ್‌ಕೇಸು ಹಿಡಿದು ಏನು ಮಾಡುವುದೆಂದು ತಿಳಿಯದೆ ನಿಂತಿದ್ದ. ಸೀತಮ್ಮ ಅದರಲ್ಲಿ ಎರಡು ತೆಂಗಿನಕಾಯಿ, ಒಂದು ಡಬ್ಬಿ ಹುರಿಗಾಳು ಹಾಕಿ ಕಳಿಸಿದರು.

ಬಯಲು ಎಂದರೆ ಹಿಂದಿನ ಬೀದಿಯಲ್ಲಿ ಮನೆ ಕಟ್ಟುತ್ತಿದ್ದ ಜಾಗದ ಪಕ್ಕದ ಖಾಲಿ ಸೈಟು. ಅಲ್ಲಿ ಯಾದಗಿರಿ ಕಡೆಯ ಗಂಡಹೆಂಡಿರಿಬ್ಬರು ಗಾರೆ ಕೆಲಸಕ್ಕಿದ್ದರು. ಗಂಗಪ್ಪ ಮೇಲೆ ಸಾರುವೆಯ ಹಲಗೆಯಲ್ಲಿ ನಿಂತಿರುತ್ತಿದ್ದ, ಬಸಕ್ಕ ಕೆಳಗಿನಿಂದ ಗಾರೆ ತುಂಬಿದ ಬಾಂಡ್ಲಿಯನ್ನು ಅವನ ಕೈಗೆ ತೂರುತ್ತಿದ್ದಳು. ಜಯಸಿಂಹರು ಅವರಿಗೆ ಬೆನ್ನು ಮಾಡಿ ನಾಲ್ಕು ದಿನ ಗಾಳಿಯನ್ನು ಬಡಿದರು. ಐದನೆಯ ದಿನ ಬಸಕ್ಕನಿಗೆ ತಡೆಯಲಾಗಲಿಲ್ಲ.

"ಯಜಮಾನ್ರ, ಕೇಳ್ತೀನಂತ ಸಿಟ್ಟಾಗಬ್ಯಾಡ್ರಿ. ಏನ್ ಮಾಡಾಕ್ಹತ್ತೀರಿ?"

ಜಯಸಿಂಹರು ವಿವರಿಸಿದರು. ಜಪಾನು, ಮೂರ್ತಿ ಸಾರ್, ಕೈಯ ದಾರಿ, ಎಲ್ಲವನ್ನೂ ಹೇಳಿದರು. ಬಸಕ್ಕ ಸೆರಗಿನಿಂದ ಮುಖ ಒರೆಸಿಕೊಂಡು ಗಂಭೀರವಾಗಿ ಕೇಳಿದಳು.

"ಅಷ್ಟ ಹೌದಿಲ್ಲೋ? ಕೈ ಅಷ್ಟ್ ದೂರ ಒಯ್ದ್ರ ರಟ್ಟಿ ಬಿದ್ದುಹೋಗ್ತಾವ್ರಿ. ಇಲ್ನೋಡ್ರಿ." ಅವಳು ತುಂಬಿದ ಬಾಂಡ್ಲಿ ಎತ್ತಿದಳು. ಅದು ಅವಳ ಹೊಟ್ಟೆಯ ಮುಂದೆ, ಸೀರೆಯ ನಿರಿಗೆಗೆ ಸೋಕುವಂತೆ ಬಂತು. ಸೊಂಟ ತಿರುಗಿತು, ಕೊನೆಯ ಗಳಿಗೆಯಲ್ಲಿ ಮಾತ್ರ ತೋಳು ಚಾಚಿತು. ಬಾಂಡ್ಲಿ ಹಾರಿ ಗಂಗಪ್ಪನ ಕೈಯಲ್ಲಿತ್ತು. "ಭಾರ ಮೈಗೆ ಹತ್ತಿ ಬರಬೇಕ್ರಿ. ಮೊದಲ ಟೊಂಕ ತಿರಗತೈತಿ, ಕೈ ಅದರ ಬೆನ್ನ ಹತ್ತಿ ಬರತೈತಿ. ದಿನಕ್ಕ ಐದುನೂರು ಒಗೀತೀನ್ರಿ ನಾ. ದೂರಿಂದ ಒಗದಿದ್ರ ಎಂದೋ ಊರಿಗಿ ಹೋಗಿ ಮಲಗತಿದ್ದೆ."

ಮೂರ್ತಿ ಸಾರ್ ಆರು ತಿಂಗಳು ಹೇಳಿದ್ದು ಜಯಸಿಂಹರಿಗೆ ಆ ಒಂದು ಬಾಂಡ್ಲಿಯಲ್ಲಿ ಕಂಡಿತು. "ಒಂದು ನಾನೂ ಒಗೀಲಾ ಬಸಕ್ಕಾ?" ಎಂದರು.

"ಖಾಲೀದು ಒಗೀರಿ ಮೊದಲ," ಎಂದು ಮೇಲಿನಿಂದ ಗಂಗಪ್ಪ ಕೂಗಿದ. ಅವನಿಗೆ ತನ್ನ ತಲೆಯ ಚಿಂತೆ.

ಅಂದಿನಿಂದ ಒಂಬತ್ತು ದಿನ ಜಯಸಿಂಹರು ಬೆಳಿಗ್ಗೆ ಹೊತ್ತು ಬಾಂಡ್ಲಿ ತೂರಿದರು. ಮೊದಲ ದಿನ ಅದು ಪಕ್ಕದ ಮನೆಯ ತುಳಸಿಕಟ್ಟೆಗೆ ಹೋಯಿತು. ಐದನೆಯ ದಿನ ಗಂಗಪ್ಪನ ಮೊಣಕಾಲಿಗೆ. ಎಂಟನೆಯ ದಿನ ಅವನ ಕೈಗೇ. ಬಸಕ್ಕ "ಈಗ ಬಂತ್ ನೋಡ್ರಿ ದಾರಿಗಿ!" ಎಂದಳು. ಗೆಲುವೆಂದರೇನೆಂದು ಸಿಂಹಕ್ಕೆ ಆಗ ಮೊದಲ ಸಲ ಗೊತ್ತಾಯಿತು.

ಪಂದ್ಯದ ಭಾನುವಾರ ಸೀತಮ್ಮನೊಡನೆ ಮೈದಾನಕ್ಕೆ ಹೋದಾಗ ಜಯಸಿಂಹರಿಗೆ ಮೊದಲು ಕಂಡದ್ದು ತಮ್ಮದೇ ಮುಖ. ಹತ್ತಡಿಯ ಫ್ಲೆಕ್ಸು. ಪಿಂಚಣಿ ಪುಸ್ತಕದ ಫೋಟೋ ಹಿಗ್ಗಿಸಿದ್ದರಿಂದ ಮೂಗೇ ಒಂದೂವರೆ ಅಡಿ ಇತ್ತು. ಕೆಳಗೆ ಬರೆದಿತ್ತು: 'ಕ್ಯಾಂಟೀನಿನ ಮೇಲೆ ಚೆಂಡೆತ್ತಿದ ವೀರ ಶ್ರೀ ಜಯಸಿಂಹ ಅವರಿಗೆ ಹಾರ್ದಿಕ ಸ್ವಾಗತ.'

ಮಳೆಮರಗಳು ಹಾಗೇ ಇದ್ದವು. ಕ್ಯಾಂಟೀನು ಹಾಳುಬಿದ್ದಿದ್ದರೂ ಸೂರು ನಿಂತಿತ್ತು. ಸೈಕಲ್ ಸ್ಟ್ಯಾಂಡಿನ ಕಂಬಿಗಳ ನಡುವೆ ಹುಲ್ಲು ಬೆಳೆದಿತ್ತು. ಬಂದವರೆಲ್ಲ ತಾವು ಯಾವ ಕಂಬಿಗೆ ಸೈಕಲ್ಲು ಒರಗಿಸುತ್ತಿದ್ದೆವೆಂದು ಬೆರಳು ಮಾಡಿ ತೋರಿಸುತ್ತಿದ್ದರು. ಒಬ್ಬರು ಮೊಮ್ಮಗನ ಕಾರಿನಲ್ಲಿ ಬಂದವರು, ಇಳಿದ ಕೂಡಲೇ ಹೋಗಿ ತಮ್ಮ ಕಂಬಿಯ ಪಕ್ಕ ಸುಮ್ಮನೆ ನಿಂತುಕೊಂಡರು. ಎಪ್ಪತ್ತರ ಮುದುಕರು ಒಬ್ಬರನ್ನೊಬ್ಬರು ಹಾಜರಿಯ ಟೋಕನ್ ನಂಬರಿನಿಂದ ಕೂಗಿ ಕರೆಯುತ್ತಿದ್ದರು. ಹೆಸರು ಮರೆತವರಿಗೂ ನಂಬರು ನೆನಪಿತ್ತು.

ವಿನಾಯಕ್ ಮೈಕು ಹಿಡಿದು, ಜಪಾನಿ ಕಂಪನಿಯ ಮ್ಯಾನೇಜರೂ ಅಂದಿನ ಅಂಪೈರೂ ಆಗಿದ್ದ ಇಶಿದಾ ಅವರಿಗೆ ಹಾರ ಹಾಕಿ, "ಈಗ ನಮ್ಮ ವೀರರು ಆ ಹೊಡೆತದ ವರದಿಯನ್ನು ಸಭೆಗೆ ಒಪ್ಪಿಸಬೇಕು" ಎಂದರು.

ಜಯಸಿಂಹರು ಮೈಕಿನ ಮುಂದೆ ನಿಂತರು. ಹೇಳಬೇಕಾದ ಸುಳ್ಳನ್ನು ಬರುವಾಗ ಆಟೋದಲ್ಲಿ ಬಾಯಿಪಾಠ ಮಾಡಿಕೊಂಡಿದ್ದರು. ಬಾಯಿ ತೆರೆದರು. ಕೊನೆಯ ಸಾಲಿನ ಕುರ್ಚಿಯಲ್ಲಿ, ಮಾಸಿದ ಬಿಳಿ ಅಂಗಿ ತೊಟ್ಟ ಒಬ್ಬ ಉದ್ದನೆಯ ಮುದುಕ ಕೂತಿದ್ದ. ದೇವರಾಜ್!

ತೊಂಬತ್ತೊಂದರಲ್ಲಿ ಸ್ವಯಂ ನಿವೃತ್ತಿ ತೆಗೆದುಕೊಂಡು ಸರ್ಜಾಪುರದ ಹೊಲಕ್ಕೆ ಹೋದವನು ಮತ್ತೆ ಸಿಕ್ಕಿರಲಿಲ್ಲ. ಅದಕ್ಕೆ ಮುಂಚೆ ಎಂಟು ವರ್ಷ ಇಬ್ಬರೂ ಒಂದೇ ಡಬ್ಬಿಯಲ್ಲಿ ಉಂಡಿದ್ದರು. ಜಯಸಿಂಹರು ತಪ್ಪು ಸಾಮಾನು ಕೊಟ್ಟಾಗೆಲ್ಲ ದೇವರಾಜ್ ಅದನ್ನು ಸದ್ದಿಲ್ಲದೆ ಹಿಂದಿನ ಬಾಗಿಲಿನಿಂದ ತಂದು ಬದಲಿಸಿಕೊಂಡು ಹೋಗುತ್ತಿದ್ದ, ಮೇಲಿನವರ ಕಿವಿಗೆ ಬೀಳದಂತೆ. ಈಗ ಅವನ ಪಕ್ಕದಲ್ಲಿ ಕಾಲೇಜು ಹುಡುಗಿಯೊಬ್ಬಳು ಕೂತಿದ್ದಳು. ಫ್ಲೆಕ್ಸು ನೋಡುತ್ತಿದ್ದಳು, ತಾತನನ್ನು ನೋಡುತ್ತಿದ್ದಳು, ಮತ್ತೆ ಫ್ಲೆಕ್ಸು ನೋಡುತ್ತಿದ್ದಳು. ದೇವರಾಜ್ ನೆಲ ನೋಡುತ್ತಿದ್ದ. ಆ ಹುಡುಗಿ ಕ್ಯಾಂಟೀನಿನ ಕಥೆಯನ್ನು ಹುಟ್ಟಿದಾಗಿನಿಂದ ಎಷ್ಟು ಸಲ ಕೇಳಿದ್ದಾಳೆ, ಇಂದು ತಾತನ ಬಗ್ಗೆ ಏನಂದುಕೊಳ್ಳುತ್ತಿದ್ದಾಳೆ ಎಂಬುದು ಎಂಥ ಪೆದ್ದನಿಗಾದರೂ ಗೊತ್ತಾಗುವಂತಿತ್ತು.

"ಅವತ್ತು," ಎಂದು ಜಯಸಿಂಹರು ಶುರು ಮಾಡಿದರು. "ಅವತ್ತು ಬ್ಯಾಟು ಹಿಡಿದವನ ಹಿಂದೆ, ಎರಡು ಮಾರು ದೂರದಲ್ಲಿ ನಾನು ಕುಕ್ಕುರುಗಾಲಲ್ಲಿ ಕೂತಿದ್ದೆ. ಇನ್ನೂರು ಜನ ಚೆಂಡು ನೋಡಿದ್ರು. ಅವನ ಕೈ ನೋಡಿದ್ದು ನಾನೊಬ್ಬನೇ. ಹೆಗಲ ಹತ್ತಿರ ಇತ್ತು. ಹೇಗೆ ಇಳೀತು ಅಂತೀರಿ! ಎದೆ ಮುಂದೆ ಬಂತು, ಅಂಗಿ ಗುಂಡಿಗೆ ಸವರಿಕೊಂಡು ಬಂದ ಹಾಗೆ. ಆತುರವೇ ಇಲ್ಲ. ಚೆಂಡು ಬಂದ್ಬಿಡ್ತು, ಇನ್ನು ತಪ್ಪಿತು ಅಂದ್ಕೊಂಡೆ. ಆಗ ಚಾಚಿದ. ಶಬ್ದ ಆಯ್ತು. ನಾನು ಆ ಕೈಯನ್ನ ಇವತ್ತಿಗೂ ಕನಸಲ್ಲಿ ನೋಡ್ತೀನಿ. ಅದು ನನ್ನ ಕೈಯಲ್ಲ. ಟೂಲ್ ರೂಮಿನ ದೇವರಾಜಂದು. ಅಲ್ಲಿ ಕೂತಿದಾನೆ ನೋಡಿ."

ತಲೆಗಳೆಲ್ಲ ಕೊನೆಯ ಸಾಲಿನ ಕಡೆ ತಿರುಗಿದವು.

"ಹಾಗಾದ್ರೆ ನೀವು ಎತ್ತಿದ್ದು?" ಎಂದರು ವಿನಾಯಕ್.

"ಸೂರಿನ ಮೇಲಿಂದ ಎತ್ಕೊಂಡು ಬಂದೆ. ಬರೋವಾಗ ಸಿಮೆಂಟ್ ಶೀಟು ಒಡೆದು ನನ್ನ ಒಂದು ಕಾಲು ಕೆಳಗೆ ಉಪ್ಪಿಟ್ಟಿನ ಕೊಪ್ಪರಿಗೆ ಮೇಲೆ ನೇತಾಡ್ತಿತ್ತು. ವಿವರಣೆ ಕೇಳಿ ನೋಟಿಸ್ ಕೊಟ್ರು."

"ಆ ಕಾಲು ನಿಮ್ದಾ ಸಾರ್!" ಎಂದು ಮೂಲೆಯಿಂದ ಹಳೆಯ ಅಡುಗೆಯವರು ಭೀಮಪ್ಪ ಎದ್ದು ನಿಂತರು. "ಮೂವತ್ತೆಂಟು ವರ್ಷದಿಂದ ಹುಡುಕ್ತಿದೀನಿ!"

ಸಭೆಯೇ ನಕ್ಕಿತು. ದೇವರಾಜ್ ನಗಲಿಲ್ಲ. ಎದ್ದು, ನಿಧಾನವಾಗಿ ಮುಂದೆ ಬಂದು, ಜಯಸಿಂಹರ ಹೆಗಲ ಮೇಲೆ ಕೈಯಿಟ್ಟ. ಆ ಹುಡುಗಿ, ಭಾವನಾ ಅಂತ ಅವಳ ಹೆಸರು, ತಾತನ ಕುರ್ಚಿಯ ಮೇಲೆ ಹತ್ತಿ ನಿಂತು ಶಿಳ್ಳೆ ಹಾಕಿದಳು.

"ಅಂಗಾದ್ರೆ ನೀನೇ ಆಡು ದೇವು," ಎಂದರು ಜಯಸಿಂಹ, ಬ್ಯಾಟು ಚಾಚಿ. ದೇವರಾಜ್‌ನ ಬಳಿ ಮಾತಾಡುವಾಗ ಅವರ ಬಾಯಲ್ಲೂ 'ಅಂಗೆ, ಇಂಗೆ' ಬಂದುಬಿಡುತ್ತಿತ್ತು.

"ನನ್ ಭುಜ ಎತ್ತಕಾಗಾಕಿಲ್ಲ ಕಣ್ಲಾ. ಬಚ್ಚಲಾಗೆ ಚೊಂಬು ಎತ್ತೋದೇ ಕಷ್ಟ. ನೀನೇ ಓಗು. ನಾನು ಇಂದೆ ಕುಂತ್ಕಂಡು ನೋಡ್ತೀನಿ."

ಜಯಸಿಂಹರು ಹೋಗಿ ನಿಂತರು. ಬೊಮ್ಮಸಂದ್ರದ ಹುಡುಗ ಮರ್ಯಾದೆಯಿಂದ ನಿಧಾನವಾಗಿ ಒಂದು ಚೆಂಡೆಸೆದ. ತಪ್ಪಿತು. ಇನ್ನೊಂದು. ಅದೂ ತಪ್ಪಿತು. ಮೂರನೆಯದಕ್ಕೆ ಅವರು ಕಣ್ಣು ಮುಚ್ಚಿ, ಬಸಕ್ಕನನ್ನು ನೆನೆದು ಸೊಂಟ ತಿರುಗಿಸಿದರು. ಕೈ ಹೊಟ್ಟೆಯ ಮುಂದೆ ಹಾದು ಬಂತು. ಟಕ್ಕೆಂದು ಸದ್ದಾಯಿತು.

ಚೆಂಡು ನೆಲ ಹಿಡಿದು ಉರುಳುತ್ತ ಸೈಕಲ್ ಸ್ಟ್ಯಾಂಡಿನ ಹುಲ್ಲಿನೊಳಗೆ ಹೋಗಿ ಸೇರಿತು. ಜಯಸಿಂಹರು ಬಾಯಿ ತೆರೆದು ತಮ್ಮ ಕೈಯನ್ನೇ ನೋಡುತ್ತ ನಿಂತುಬಿಟ್ಟರು.

"ಓಡ್ರೀ!" ಎಂದು ಸೀತಮ್ಮ ಚೀರಿದರು.

ಓಡಿದರು. ಅರವತ್ಮೂರರ ಕಾಲು, ಬ್ಯಾಟು ಕೈಯಲ್ಲೇ. ನೆಲಕ್ಕೆ ಹಾಸಿದ ಮೊದಲನೆಯ ಬೇಸಿನ ಮೆತ್ತೆ ಮುಟ್ಟಿದರು. ಅಲ್ಲಿಂದ ಎಡಕ್ಕೆ ತಿರುಗಿ ಎರಡನೆಯದಕ್ಕೆ ಹೋಗಬೇಕು. ಆದರೆ ರಕ್ತದಲ್ಲಿ ಹರಿಯುತ್ತಿದ್ದದ್ದು ಕ್ರಿಕೆಟ್ಟು. ಬ್ಯಾಟಿನ ತುದಿಯನ್ನು ಗೆರೆಗೆ ಮುಟ್ಟಿಸಿ, ಗರಕ್ಕನೆ ಹಿಂದಿರುಗಿ, ಹೊರಟ ಜಾಗಕ್ಕೇ ಓಡಿಬಂದು, ಬ್ಯಾಟು ಊರಿ, "ಎರಡು!" ಎಂದು ಕೂಗಿದರು.

ಜಪಾನಿಗಳು ಎರಡನೆಯ ಬೇಸನ್ನೂ ಜಯಸಿಂಹರನ್ನೂ ಸರದಿಯಲ್ಲಿ ನೋಡಿದರು. ಆಮೇಲೆ ಇಶಿದಾ ಅವರು ಸೊಂಟ ಬಗ್ಗಿಸಿ ನಮಸ್ಕರಿಸಿ, ಬಹಳ ದುಃಖದಿಂದ ಕೈಯೆತ್ತಿ ಔಟು ಕೊಟ್ಟರು.

ಪಿಂಚಣಿದಾರರು ಬಿಡುತ್ತಾರೆಯೇ? ವಿನಾಯಕ್ ಅಲ್ಲೇ ಕುರ್ಚಿಯ ಮೇಲೆ ಕಾಗದ ಇಟ್ಟು ಮನವಿ ಪತ್ರ ಬರೆದರು: ಓಡಿದ ದೂರ ಎರಡು ರನ್ನಿನದಾದ್ದರಿಂದ, ದಿಕ್ಕಿನ ಕಾರಣಕ್ಕೆ ಕಾರ್ಮಿಕನಿಗೆ ಅನ್ಯಾಯವಾಗಕೂಡದು. ನಲವತ್ತೊಂದು ಮಂದಿ ಟೋಕನ್ ನಂಬರು ಸಮೇತ ಸಹಿ ಹಾಕಿದರು. ಇಶಿದಾ ಅವರು ತಲೆ ಕೆರೆದುಕೊಂಡು, ಸ್ವೀಕರಿಸಿದೆ ಎಂದು ಜಪಾನಿಯಲ್ಲಿ ರುಜು ಹಾಕಿದರು. ಅಷ್ಟು ಸಾಕಿತ್ತು. ಸ್ವೀಕೃತಿಯೇ ಗೆಲುವೆಂದು ನಂಬಿ ಬಾಳಿದ ಜನ, ಮೂರು ಸಲ 'ಜಿಂದಾಬಾದ್' ಕೂಗಿ ಪುಳಿಯೋಗರೆಗೆ ಸಾಲು ನಿಂತರು. ಪಂದ್ಯ ಸೋತದ್ದು ಹದಿನಾಲ್ಕು ಸೊನ್ನೆಯಲ್ಲಿ. ಎರಡು ರನ್ನು ಇನ್ನೂ ಪರಿಶೀಲನೆಯಲ್ಲಿದೆ.

ಊಟವಾದ ಮೇಲೆ ಗೆಳೆಯರಿಬ್ಬರೂ ಮಳೆಮರದ ಕೆಳಗೆ ಕೂತರು. ಅತ್ತ ಭಾವನಾ ಸೀತಮ್ಮನಿಗೆ ಮೊಬೈಲಿನಲ್ಲಿ ಜಯಸಿಂಹರು ಓಡಿದ ವೀಡಿಯೋ ಮತ್ತೆ ಮತ್ತೆ ತೋರಿಸುತ್ತಿದ್ದಳು. ಸೀತಮ್ಮ ಕಣ್ಣೊರೆಸಿಕೊಂಡು ನಗುತ್ತಿದ್ದರು.

"ಕೈ ಸರ್ಯಾಗೇ ಬಂತು ಕಣ್ಲಾ," ಎಂದ ದೇವರಾಜ್. "ಇಂದೆ ಕುಂತ್ಕಂಡು ನೋಡ್ದೆ. ಗುಂಡಿ ಸವರ್ಕಂಡೇ ಬಂತು."

ಜಯಸಿಂಹರು ತಮ್ಮ ಅಂಗಿಯ ಗುಂಡಿ ಸವರಿಕೊಂಡರು. "ಇನ್ನೊಂದು ಸಲ ಆಡಿದ್ರೆ ಎಡಕ್ಕೇ ತಿರುಗ್ತೀನಿ ದೇವು. ಆದ್ರೆ ಇನ್ನೆಲ್ಲಿ ಆಡೋದು? ಈ ಗ್ರೌಂಡು ಹೋಯ್ತಲ್ಲ" ಎಂದರು.

"ನಮ್ ವಲ ಐತೆ. ಸರ್ಜಾಪುರದಾಗೆ ಎಲ್ಲಾ ಮಾರ್ಕಂಡ್ರು, ನಾನು ಅರ್ಧ ಎಕ್ರೆ ಮಡೀಕಂಡಿವ್ನಿ. ಕೊತ್ಮೀರಿ ಸೊಪ್ಪು ಆಕ್ತೀನಿ. ಸೊಪ್ಪು ಕಿತ್ತಾದ್ಮೇಲೆ ಜಾಗ ಖಾಲಿ ಇರ್ತದೆ, ಬಾ."

"ಯಾವಾಗ ಕೀಳ್ತೀಯ?"

"ಇನ್ನೂ ಬಿತ್ತೇ ಇಲ್ಲ ಕಣ್ಲಾ."

ಜಯಸಿಂಹರು ಯೋಚಿಸಿದರು. ಹುಬ್ಬು ಗಂಟಿಕ್ಕಿದರು. ಬಾಳಿನಲ್ಲಿ ಮೊದಲ ಸಲ 'ಪಕ್ಕದ್ದನ್ನು' ಬಿಟ್ಟು ಕೇಳಿದ್ದನ್ನೇ ಹುಡುಕಿ ತೆಗೆದವರ ಹಾಗೆ ಅವರ ಮುಖ ಅರಳಿತು.

"ಹಾಗಾದ್ರೆ ಈಗ್ಲೇ ಖಾಲಿ ಇದೆಯಲ್ಲೋ!"

ಗೆಳೆಯನ ಮುಖವನ್ನೇ ದೇವರಾಜ್ ದಿಟ್ಟಿಸಿ ನೋಡಿದ. ಆಮೇಲೆ ಮೊಮ್ಮಗಳ ಕಡೆ ತಿರುಗಿ ಕೂಗಿದ:

"ಬಾವನಾ, ಈವೊತ್ತು ಬೀಜದಂಗ್ಡಿಗೆ ಓಗೋದು ಬ್ಯಾಡ ಕಣವ್ವಾ!"